ಮೆಲ್ವಿಲ್‌ನನ್ನು ಮುಳುಗಿಸಿದ್ದು ಓದುಗರಾ, ಅವನೇನಾ?

ಹಳೇ ಪುಸ್ತಕದಂಗಡಿ: ಅಂತೂ 'ಮೋಬಿ ಡಿಕ್' ಮುಗಿಸಿದೆ. ಎರಡು ವರ್ಷ ಹಿಡಿಯಿತು, ನಗಬೇಡಿ. ಆಮೇಲೆ ಬರೆದವನ ಬದುಕಿನ ಬಗ್ಗೆ ಓದಿ ಸಂಕಟವಾಯಿತು. ಅಮೆರಿಕದ ಹರ್ಮನ್ ಮೆಲ್ವಿಲ್ 1851ರಲ್ಲಿ ಇಂಥದ್ದೊಂದು ಕಾದಂಬರಿ ಕೊಟ್ಟ. ಅವನು ಬದುಕಿದ್ದಾಗ ಅದು ಮೂರು ಸಾವಿರ ಚಿಲ್ಲರೆ ಪ್ರತಿ ಖರ್ಚಾಯಿತು, ಅಷ್ಟೇ. ಹೊಟ್ಟೆಪಾಡಿಗೆ ನ್ಯೂಯಾರ್ಕ್ ಬಂದರಿನಲ್ಲಿ 19 ವರ್ಷ ಕಸ್ಟಮ್ಸ್ ಇನ್ಸ್‌ಪೆಕ್ಟರ್ ಆಗಿದ್ದ, ದಿನಕ್ಕೆ 4 ಡಾಲರ್ ಸಂಬಳ. ಬದುಕಿದ್ದಾಗ ಯಾರೂ ಓದಲಿಲ್ಲ, ಸತ್ತ ಮೇಲೆ ಹೊಗಳಿದರು. ಓದುಗರು ಮಾಡಿದ ಅನ್ಯಾಯ ಇದು, ಅಲ್ವಾ?

ನಿಧಾನ ಓದುಗ: ಯಾರೂ ಓದಲಿಲ್ಲ ಅನ್ನೋದು ತಪ್ಪು ಸರ್. ಅವನ ಮೊದಲ ಪುಸ್ತಕ 'ಟೈಪೀ' 1846ರಲ್ಲಿ ಬಂದಾಗ ಅಮೆರಿಕ, ಇಂಗ್ಲೆಂಡ್ ಎರಡೂ ಕಡೆ ಒಳ್ಳೇ ಹೆಸರು ಮಾಡಿತ್ತು. 1841ರಲ್ಲಿ ತಿಮಿಂಗಿಲ ಬೇಟೆಯ ಹಡಗು ಹತ್ತಿದ್ದ. ಮರುವರ್ಷ ಪೆಸಿಫಿಕ್ ಸಾಗರದ ನುಕು ಹಿವ ದ್ವೀಪದಲ್ಲಿ ಹಡಗು ಬಿಟ್ಟು ಪರಾರಿಯಾದ. ಅಲ್ಲಿನ ಜನರ ನಡುವೆ ಇದ್ದದ್ದು ಸುಮಾರು ಒಂದು ತಿಂಗಳು, ಪುಸ್ತಕದಲ್ಲಿ ಬರೆದುಕೊಂಡಿದ್ದು ನಾಲ್ಕು ತಿಂಗಳು! ಕೆಲವರು ಇದೆಲ್ಲ ಬರೀ ಕಟ್ಟುಕಥೆ ಅಂದರು. ಅವನ ಜೊತೆ ಓಡಿಹೋಗಿದ್ದ ಟೋಬಿ ಅನ್ನೋ ಗೆಳೆಯನೇ ಪತ್ರಿಕೆಗೆ ಬರೆದು ಸಾಕ್ಷಿ ಹೇಳಿದ. ಮರುವರ್ಷ 'ಓಮೂ' ಬಂತು, ಅದೂ ಓಡಿತು. ಅಂದರೆ ಓದುಗರು ಮೊದಲೇ ಇದ್ದರು. ಅವರಿಗೆ ಬೇಕಿದ್ದು ದ್ವೀಪ, ಸಾಹಸ. 'ಮೋಬಿ ಡಿಕ್'ನಲ್ಲಿ ಇವನು ಕೊಟ್ಟಿದ್ದು ತಿಮಿಂಗಿಲಗಳನ್ನು ವಿಂಗಡಿಸುವ ಅಧ್ಯಾಯ.

ಕಡಲ ಹಕ್ಕಿ: ಆ ಅಧ್ಯಾಯ ದಾಟಿದವರಿಗೆ ಒಂದು ಶಾಲು ಹೊದಿಸಬೇಕು.

ಅಚ್ಚುಮೊಳೆ: ತಪ್ಪು ಪ್ರಕಾಶಕರದ್ದೂ ಇದೆ. ಲಂಡನ್‌ನಲ್ಲಿ 'ಮೋಬಿ ಡಿಕ್' ಅಮೆರಿಕಕ್ಕಿಂತ ಒಂದು ತಿಂಗಳು ಮೊದಲೇ 'ದಿ ವೇಲ್' ಎಂಬ ಹೆಸರಲ್ಲಿ ಮೂರು ಸಂಪುಟವಾಗಿ ಬಂತು. ಅದರಲ್ಲಿ ಕೊನೆಯ ಪುಟವೇ ಇರಲಿಲ್ಲ. ಕಥೆ ಹೇಳುವ ಇಷ್ಮಾಯೆಲ್ ಹೇಗೆ ಬದುಕಿಕೊಂಡ ಅಂತ ಹೇಳುವ ಪುಟ ಅದು. ಹಡಗು ಮುಳುಗಿ ಎಲ್ಲರೂ ಸತ್ತ ಮೇಲೆ ಕಥೆ ಹೇಳುತ್ತಿರೋದು ಯಾರು ಎಂದು ಅಲ್ಲಿನ ವಿಮರ್ಶಕರು ಗೇಲಿ ಮಾಡಿದರು. ಅದರ ಕೆಟ್ಟ ಮಾತು ಅಮೆರಿಕಕ್ಕೂ ಮುಟ್ಟಿತು. ಸಾಲದ್ದಕ್ಕೆ 1853ರಲ್ಲಿ ಅಮೆರಿಕದ ಪ್ರಕಾಶಕರಾದ ಹಾರ್ಪರ್ ಕಂಪನಿಗೆ ಬೆಂಕಿ ಬಿದ್ದು ಮಾರದೆ ಉಳಿದ ಪ್ರತಿಗಳು ಸುಟ್ಟುಹೋದವು.

ನಿಧಾನ ಓದುಗ: ಒಪ್ಪಿದೆ. ಆದರೆ 'ಮೋಬಿ ಡಿಕ್' ಬಂದ ಮರುವರ್ಷವೇ 'ಪಿಯೆರ್' ಕಾದಂಬರಿ ಬರೆಯೆಂದು ಯಾರೂ ಹೇಳಿರಲಿಲ್ಲ. ಅದನ್ನು ಓದಿ ಇವನಿಗೆ ತಲೆ ಕೆಟ್ಟಿದೆ ಅಂದವರೂ ಇದ್ದರು. ಹಟಮಾರಿ ಮನುಷ್ಯ.

ಹಳೇ ಪುಸ್ತಕದಂಗಡಿ: ಹಟ ಬೇಡವೇ? ಮನಸ್ಸಿಗೆ ಬಂದದ್ದನ್ನು ಬರೆದರೆ ದುಡ್ಡು ಹುಟ್ಟಲ್ಲ ಅಂತ ಅವನೇ ತನ್ನ ಲೇಖಕ ಗೆಳೆಯ ಹಾಥಾರ್ನ್‌ಗೆ ಪತ್ರ ಬರೆದಿದ್ದ. ದುಡ್ಡಿಗೋಸ್ಕರ ಬರೆದ 'ರೆಡ್‌ಬರ್ನ್', 'ವೈಟ್ ಜಾಕೆಟ್' ಎರಡನ್ನೂ ಒಂದೇ ಬೇಸಿಗೆಯಲ್ಲಿ ಮುಗಿಸಿ, ಸೌದೆ ಸೀಳಿದ ಹಾಗೆ ಅಂದುಬಿಟ್ಟ.

ಗುಬ್ಬಚ್ಚಿ: ಇಷ್ಟು ಹೊತ್ತೂ ಅವನು, ಪ್ರಕಾಶಕರು, ವಿಮರ್ಶಕರು. ಹೆಂಡತಿ ಎಲಿಜಬೆತ್ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲವಲ್ಲ! ಅವನ ಹಟದ ಬಿಲ್ ಕಟ್ಟಿದವರು ಯಾರು ಅಂತ ನೋಡಿ. ಪಿಟ್ಸ್‌ಫೀಲ್ಡ್‌ನ ಜಮೀನಿಗೆ ದುಡ್ಡು ಕೊಟ್ಟವರು ಅವಳ ತಂದೆ, ಮ್ಯಾಸಚೂಸೆಟ್ಸ್‌ನ ಮುಖ್ಯ ನ್ಯಾಯಮೂರ್ತಿ. ಸುಮಾರು 18,000 ಸಾಲಿನ 'ಕ್ಲಾರೆಲ್' ಕಾವ್ಯವನ್ನು ಅಚ್ಚು ಹಾಕಿಸಿದ್ದು ಅವನ ಸೋದರಮಾವನ ದುಡ್ಡಲ್ಲಿ. 1885ರ ಕೊನೆಗೆ ಅವನು ಕೆಲಸ ಬಿಡಲು ಆಗಿದ್ದು ಅವಳಿಗೆ ಬಂದ ಆಸ್ತಿಯಿಂದ. ಪುಸ್ತಕ, ಚಿತ್ರ ಕೊಳ್ಳಲು ತಿಂಗಳಿಗೆ 25 ಡಾಲರ್ ಕೈಗೆ ಕೊಡುತ್ತಿದ್ದವಳೂ ಅವಳೇ. 1867ರಲ್ಲಿ ತವರಿನವರು ಅವಳನ್ನು ಅವನಿಂದ ಬಿಡಿಸಿಕೊಂಡು ಬರಲು ಪಾದ್ರಿಯ ಜೊತೆ ಮಾತಾಡಿದ್ದರು. ಅಷ್ಟು ಕೆಟ್ಟಿತ್ತು ಮನೆ. ಅವಳು ಹೋಗಲಿಲ್ಲ. ಅದೇ ವರ್ಷ 18ರ ಮಗ ಮಾಲ್ಕಮ್ ಗುಂಡು ಹೊಡೆದುಕೊಂಡು ಸತ್ತ.

ಅಚ್ಚುಮೊಳೆ: ಮೇಡಂ, ಇದು ಗೊತ್ತಿರಲಿಲ್ಲ. ಆದರೆ ಮನೆಯ ವಿಷಯ ಇಟ್ಟುಕೊಂಡು ಕಾದಂಬರಿ ಅಳೆಯೋದು ಸರಿಯಾ?

ಗುಬ್ಬಚ್ಚಿ: ಕಾದಂಬರಿಯನ್ನು ಅಳೆಯುತ್ತಿಲ್ಲ. ನನಗೂ ಅದು ಇಷ್ಟವೇ. 'ಒಂಟಿಯಾಗಿ ನರಳಿದ ಪ್ರತಿಭೆ' ಅನ್ನೋ ಕಥೆ ಇದೆಯಲ್ಲ, ಅದು ಬೇಡ ಅಂತಿದ್ದೇನೆ. ಒಂಟಿ ಎಲ್ಲಿದ್ದ?

ಫೈಲು ಗುಮಾಸ್ತ: ನಾನೂ ಸರ್ಕಾರಿ ಕೆಲಸದವನೇ, ಅದಕ್ಕೇ ಒಂದು ಮಾತು. ಕಸ್ಟಮ್ಸ್ ಕೆಲಸವನ್ನು ಶಿಕ್ಷೆ ಅಂತ ನೋಡಬೇಡಿ. 'ಕ್ಲಾರೆಲ್' ಬಂದಿದ್ದು 1876ರಲ್ಲಿ, ಅಂದರೆ ಕೆಲಸದಲ್ಲಿದ್ದಾಗಲೇ. ಸಂಜೆ ಮನೆಗೆ ಬಂದು ಅಷ್ಟು ಸಾಲು ಬರೆದವನಿಗೆ ಕೈ ಮುಗಿಯುತ್ತೇನೆ. ನಾನು ಮನೆಗೆ ಬಂದರೆ ಟಿವಿ ರಿಮೋಟ್ ಎತ್ತೋಕೂ ಆಗಲ್ಲ.

ಕಡಲ ಹಕ್ಕಿ: ಆ ಕಾವ್ಯ ಓದಿದವರು ಈ ಗುಂಪಲ್ಲಿ ಯಾರಾದರೂ ಇದ್ದೀರಾ? ಸುಮ್ನೆ ಕೇಳಿದೆ.

ನಿಧಾನ ಓದುಗ: 40 ಪುಟ. ಆಮೇಲೆ ನಿದ್ದೆ.

ಹಳೇ ಪುಸ್ತಕದಂಗಡಿ: 'ಯಾರೂ ಓದಲಿಲ್ಲ' ಅಂದಿದ್ದನ್ನು ವಾಪಸ್ ತಗೊಂಡೆ. ಗುಬ್ಬಚ್ಚಿ ಅವರೇ, ಅವನು ಸತ್ತಾಗ ಉಳಿದಿದ್ದ 'ಬಿಲ್ಲಿ ಬಡ್' ಹಸ್ತಪ್ರತಿಯ ಕಥೆ ಏನು? ಅದು ಅಚ್ಚಾಗಿದ್ದು 1924ರಲ್ಲಿ ತಾನೇ?

ಗುಬ್ಬಚ್ಚಿ: ಹೌದು, 33 ವರ್ಷದ ಮೇಲೆ. 1906ರಲ್ಲಿ ತೀರಿಕೊಳ್ಳುವವರೆಗೂ ಎಲಿಜಬೆತ್ ಆ ಕಾಗದಗಳನ್ನು ಕಾಪಾಡಿದಳು. ಅವುಗಳ ಮೇಲೆ ಅವಳ ಪೆನ್ಸಿಲ್ ಟಿಪ್ಪಣಿಗಳೂ ಇವೆ. ಆಮೇಲೆ ಮೊಮ್ಮಗಳು ಎಲಿನಾರ್ ಅದನ್ನೆಲ್ಲ ಮೆಲ್ವಿಲ್‌ನ ಜೀವನಚರಿತ್ರೆ ಬರೆದ ರೇಮಂಡ್ ವೀವರ್ ಕೈಗೆ ಕೊಟ್ಟಳು. ಅವಳು ಅಜ್ಜನ ಕಾಗದಗಳನ್ನು ರದ್ದಿಗೆ ಹಾಕಿದ್ದರೆ ನಾವಿವತ್ತು ಏನು ಚರ್ಚೆ ಮಾಡುತ್ತಿದ್ದೆವೋ!