ಘಟ್ಟ ಹತ್ತುವಾಗ ಪಿಕಪ್ ಮಿಸ್ಸಿಂಗ್: ಕಾಯಿಲ್ ಬದಲಿಸಿದರೂ ನಿಲ್ಲುತ್ತಿಲ್ಲ

ಪ್ರಶ್ನೆ (ಕುಮಟಾದಿಂದ):

ನಮಸ್ಕಾರ ಸರ್. ನನ್ನದು ನಾಲ್ಕು ಸಿಲಿಂಡರಿನ ಪೆಟ್ರೋಲ್ ಪಿಕಪ್, ಬಿಎಸ್-6 ಗಾಡಿ, 62,000 ಕಿಲೋಮೀಟರ್ ಓಡಿದೆ. ವಾರಕ್ಕೆ ನಾಲ್ಕು ದಿನ ತದಡಿ ಬಂದರಿನಿಂದ ಮೀನು ತುಂಬಿಕೊಂಡು ದೇವಿಮನೆ ಘಟ್ಟದ ಮೇಲೆ ಶಿರಸಿಗೆ ಹೋಗುತ್ತೇನೆ. ಮಳೆಗಾಲ ಹಿಡಿದ ಮೇಲೆ, ಕತಗಾಲ ದಾಟಿ ಏರು ಸಿಕ್ಕೊಡನೆ, ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಗಾಡಿ ಜಗ್ಗುತ್ತದೆ, ಸೈಲೆನ್ಸರಿನಲ್ಲಿ ಪಟಪಟ ಸದ್ದು ಬರುತ್ತದೆ, ಚೆಕ್ ಎಂಜಿನ್ ದೀಪ ಮಿನುಗತೊಡಗುತ್ತದೆ. ಖಾಲಿ ಗಾಡಿಯಲ್ಲಿ ಸಮತಟ್ಟು ಹೆದ್ದಾರಿಯ ಮೇಲೆ ಏನೂ ತೊಂದರೆಯಿಲ್ಲ. ಹದಿನೈದು ದಿನಗಳ ಹಿಂದೆ ಒಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದಾಗ ಪಿ0303 ಎಂಬ ಕೋಡ್ ಬಂತು; ಮೂರನೇ ಸಿಲಿಂಡರಿಗೆ ಹೊಸ ಕಾಯಿಲ್ (ಕಿಡಿ ಹಚ್ಚುವ ಪ್ಲಗ್ಗಿಗೆ ವಿದ್ಯುತ್ ಕೊಡುವ ಭಾಗ) ಹಾಕಿದರು. ಎರಡು ಟ್ರಿಪ್ ಚೆನ್ನಾಗಿಯೇ ಹೋಯಿತು, ಆಮೇಲೆ ಮತ್ತೆ ಅದೇ ಕಥೆ. ಈಗ ಇಂಜೆಕ್ಟರ್ (ಪೆಟ್ರೋಲ್ ಸಿಂಪಡಿಸುವ ಭಾಗ) ಬದಲಿಸಬೇಕು ಎನ್ನುತ್ತಿದ್ದಾರೆ. ಹಾಕಿಸಬಹುದೇ?

ಉತ್ತರ (ಕಾರವಾರದ ಮೆಕ್ಯಾನಿಕ್):

ಇಂಜೆಕ್ಟರಿಗೆ ಈಗಲೇ ಹಣ ಹಾಕಬೇಡಿ. ಪಿ0303 ಎಂದರೆ ಮೂರನೇ ಸಿಲಿಂಡರಿನಲ್ಲಿ ದಹನ ಸರಿಯಾಗಿ ಆಗುತ್ತಿಲ್ಲ, ಅಂದರೆ ಮಿಸ್ಸಿಂಗ್ ಆಗುತ್ತಿದೆ ಎಂದಷ್ಟೇ ಅರ್ಥ. ಕ್ರ್ಯಾಂಕಿನ ವೇಗ ಆ ಸಿಲಿಂಡರಿನ ಸರದಿಯಲ್ಲಿ ಕುಗ್ಗುವುದನ್ನು ನೋಡಿ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಇದನ್ನು ಲೆಕ್ಕ ಹಾಕುತ್ತದೆಯೇ ಹೊರತು, ತಪ್ಪು ಕಾಯಿಲಿನದೋ ಪ್ಲಗ್ಗಿನದೋ ಇಂಜೆಕ್ಟರಿನದೋ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಕೋಡ್ ನೋಡಿದ ಕೂಡಲೇ ಸಾಮಾನು ಬದಲಿಸುವುದರಿಂದಲೇ ಗಿರಾಕಿಗಳ ದುಡ್ಡು ಹಾಳಾಗುತ್ತದೆ, ಇದನ್ನು ನಾನು ಬೇಸರದಿಂದಲೇ ಹೇಳುತ್ತಿದ್ದೇನೆ.

ನೀವು ಕೊಟ್ಟ ಒಂದು ವಿವರ ಬಹಳ ಮುಖ್ಯವಾದದ್ದು: ಲೋಡ್ ಇದ್ದು ಏರು ಹತ್ತುವಾಗ ಮಾತ್ರ ಮಿಸ್ಸಿಂಗ್ ಬರುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸಿಲಿಂಡರಿನೊಳಗೆ ಹೆಚ್ಚು ಗಾಳಿ ತುಂಬಿ ಒತ್ತಡ ಏರುತ್ತದೆ, ಆ ಒತ್ತಡದಲ್ಲಿ ಪ್ಲಗ್ಗಿನ ತುದಿಯ ಅಂತರವನ್ನು ಕಿಡಿ ದಾಟಬೇಕಾದರೆ ಹೆಚ್ಚಿನ ವೋಲ್ಟೇಜ್ ಬೇಕಾಗುತ್ತದೆ, ಮತ್ತು ಪ್ಲಗ್ ಸವೆದು ಅಂತರ ಅಗಲವಾಗಿದ್ದರೆ ಇನ್ನೂ ಹೆಚ್ಚು ಬೇಕಾಗುತ್ತದೆ. ಹಾಗಾದಾಗ ವಿದ್ಯುತ್ತು ಸುಲಭದ ದಾರಿ ಹುಡುಕಿಕೊಂಡು, ಪ್ಲಗ್ಗಿನ ಬಿಳಿ ಪಿಂಗಾಣಿಯ ಹೊರಮೈ ಮೇಲೆ ಹರಿದು ಎಂಜಿನ್ನಿನ ಲೋಹಕ್ಕೆ ಇಳಿಯುತ್ತದೆ. ಮಳೆಯ ತೇವ, ಕರಾವಳಿಯ ಉಪ್ಪುಗಾಳಿ, ಮೀನಿನ ಪೆಟ್ಟಿಗೆ ಇಳಿಸಿದ ಮೇಲೆ ಪೈಪು ಹಿಡಿದು ಗಾಡಿ ತೊಳೆಯುವಾಗ ಸಿಡಿಯುವ ನೀರು ಇವೆಲ್ಲ ಆ ದಾರಿಯನ್ನು ಇನ್ನಷ್ಟು ಸುಲಭ ಮಾಡುತ್ತವೆ. ಇನ್ಟೇಕ್ ಹೋಸಿನಲ್ಲಿ ಗಾಳಿ ಸೋರುತ್ತಿದ್ದರೆ ಲಕ್ಷಣ ಬಹುಮಟ್ಟಿಗೆ ಇದಕ್ಕೆ ತಿರುಗಾಮುರುಗಾ ಇರುತ್ತಿತ್ತು: ಸ್ಲೋ ರನ್ನಿಂಗಿನಲ್ಲಿ ನಡುಗಿ, ರೇಸ್ ಕೊಟ್ಟಾಗ ಸರಿಹೋಗುತ್ತಿತ್ತು.

ಪರೀಕ್ಷೆ ಹೀಗೆ ಮಾಡಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮೂರನೆಯದರ ಕಾಯಿಲನ್ನು ಒಂದನೆಯದಕ್ಕೂ ಒಂದನೆಯದನ್ನು ಮೂರಕ್ಕೂ ಹಾಕಿ, ಬೇರೆ ಏನನ್ನೂ ಮುಟ್ಟಬೇಡಿ. (ಸಾಮಾನ್ಯವಾಗಿ ಕ್ರ್ಯಾಂಕ್ ಪುಲ್ಲಿಯ ಕಡೆಯಿಂದ ಎಣಿಸುತ್ತಾರೆ, ಆದರೂ ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಿ.) ಹಳೆಯ ಕೋಡನ್ನು ಬರೆದಿಟ್ಟುಕೊಂಡು ಅಳಿಸಿ, ಅರ್ಧ ಲೋಡಿನಲ್ಲಿ ಸ್ವಲ್ಪ ದೂರ ಏರು ಹತ್ತಿಸಿ ನೋಡಿ. ಕೋಡ್ ಪಿ0301 (ಒಂದನೇ ಸಿಲಿಂಡರಿನದು) ಆದರೆ ದೋಷ ಕಾಯಿಲಿನ ಜೊತೆ ಹೋಯಿತು ಎಂದರ್ಥ. ಪಿ0303 ಆಗಿಯೇ ಉಳಿದರೆ ಪ್ಲಗ್ಗನ್ನು ಹೀಗೆಯೇ ಎರಡನೇ ಸಿಲಿಂಡರಿನದರೊಂದಿಗೆ ಅದಲುಬದಲು ಮಾಡಿ. ಇಂಜೆಕ್ಟರಿನ ಸರದಿ ಆಮೇಲೆ, ಕಂಪ್ರೆಷನ್ ಪರೀಕ್ಷೆ (ಸಿಲಿಂಡರ್ ಒತ್ತಡ ಹಿಡಿಯುತ್ತದೆಯೇ ಎಂದು ನೋಡುವುದು) ಕೊನೆಗೆ. ಎಂಜಿನ್ ಓಡುತ್ತಿರುವಾಗ ಮಾತ್ರ ಕಾಯಿಲನ್ನು ಎಂದಿಗೂ ಕೀಳಬೇಡಿ, ಶಾಕ್ ಜೋರಾಗಿ ಹೊಡೆಯುತ್ತದೆ.

ದೀಪ ಮಿನುಗುತ್ತಿರುವಾಗ ಲೋಡ್ ಎಳೆಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಸುಮ್ಮನೆ ಉರಿಯುವ ದೀಪ ಬೇರೆ, ಮಿನುಗುವ ದೀಪ ಬೇರೆ. ಮಿನುಗುತ್ತಿದೆ ಎಂದರೆ ಸುಡದ ಪೆಟ್ರೋಲ್ ಸೈಲೆನ್ಸರಿನ ದಾರಿಗೆ ಹೋಗಿ, ಅಲ್ಲಿನ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೊತ್ತಿಕೊಂಡು ಅದನ್ನೇ ಕರಗಿಸಬಹುದು. ಅದರ ಬೆಲೆಯ ಮುಂದೆ ಪ್ಲಗ್ಗಿನದು ಏನೂ ಅಲ್ಲ.

ಪ್ರಶ್ನೆ ಕೇಳಿದವರು, ಮೂರು ದಿನಗಳ ನಂತರ:

ಸರ್, ಕಾಯಿಲ್ ಅದಲುಬದಲು ಮಾಡಿ ಓಡಿಸಿದೆ. ಈಗ ಪಿ0303 ಮತ್ತು ಪಿ0301 ಎರಡೂ ಬಂದಿವೆ, ನನಗೆ ಏನೂ ತಿಳಿಯದಾಯಿತು. ಮೂರನೇ ಪ್ಲಗ್ ಬಿಚ್ಚಿ ಬಟ್ಟೆಯಿಂದ ಒರೆಸಿದಾಗ ಪಿಂಗಾಣಿಯ ಮೇಲೆ ಪೆನ್ಸಿಲಿನಿಂದ ಎಳೆದಂತೆ ಒಂದು ಕಪ್ಪು ಗೆರೆ ಮೇಲಿನಿಂದ ಕೆಳಗಿನವರೆಗೆ ಕಂಡಿತು, ಉಜ್ಜಿದರೂ ಹೋಗಲಿಲ್ಲ. ಫೀಲರ್ ಗೇಜಿನಲ್ಲಿ ನಾಲ್ಕೂ ಪ್ಲಗ್ಗುಗಳ ಅಂತರ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಹೆಚ್ಚಿದೆ. ಗಾಡಿ ಕೊಂಡಂದಿನಿಂದ ಪ್ಲಗ್ ಬದಲಿಸಿಲ್ಲ.

ಉತ್ತರ:

ಎರಡು ಕೋಡ್ ಬಂದದ್ದರಿಂದಲೇ ವಿಷಯ ತಿಳಿಯಾಯಿತು. ಆ ಕಪ್ಪು ಗೆರೆ ಕಿಡಿ ಹೊರಮೈ ಮೇಲೆ ಹರಿದು ಸುಟ್ಟ ಗುರುತು. ಒಮ್ಮೆ ಬಿದ್ದರೆ ಅದೇ ವಿದ್ಯುತ್ತಿಗೆ ಕಾಯಂ ದಾರಿ. ಹಳೆಯ ಪ್ಲಗ್ಗಿನ ಮೇಲೆಯೇ ಹೊಸ ಕಾಯಿಲ್ ಕೂರಿಸಿದ್ದರಿಂದ, ಪ್ಲಗ್ಗಿನ ಗೆರೆಗೆ ಎದುರಾಗಿ ಪ್ಲಗ್ಗಿನ ಮೇಲೆ ಕೂರುವ ಕಾಯಿಲಿನ ರಬ್ಬರ್ ಬೂಟಿನ ಒಳಗೂ ಅಂಥದೇ ಗೆರೆ ಮೂಡಿರಬೇಕು. ಟಾರ್ಚ್ ಹಿಡಿದು ಬೂಟಿನೊಳಗೆ ನೋಡಿ. ಹೀಗಾಗಿಯೇ ಗುರುತು ಬಿದ್ದ ಬೂಟು ಒಂದನೇ ಸಿಲಿಂಡರಿನಲ್ಲೂ ತಪ್ಪಿಸುತ್ತಿದೆ, ಗುರುತು ಬಿದ್ದ ಪ್ಲಗ್ ಮೂರನೆಯದರಲ್ಲೂ ತಪ್ಪಿಸುತ್ತಿದೆ. ಒಂದನ್ನು ಮಾತ್ರ ಬದಲಿಸಿದರೆ ಉಳಿದದ್ದು ಹೊಸದನ್ನೂ ಕೆಡಿಸುತ್ತದೆ. ಎರಡು ಟ್ರಿಪ್ ಆದ ಮೇಲೆ ತೊಂದರೆ ಮರಳಿದ್ದೂ ಇದೇ ಕಾರಣಕ್ಕೆ.

ನಾಲ್ಕೂ ಪ್ಲಗ್ ಹೊಸದು ಹಾಕಿ, ಗುರುತು ಬಿದ್ದ ಬೂಟನ್ನು ಬದಲಿಸಿ. ಬೂಟು ಬಿಡಿಯಾಗಿ ಸಿಗದಿದ್ದರೆ ಕಾಯಿಲನ್ನೇ ಬದಲಿಸಬೇಕಾದೀತು. ಪ್ಲಗ್ಗನ್ನು ಮೊದಲು ಕೈಯಿಂದ ತಿರುಗಿಸಿ ಕೂರಿಸಿ, ಆಮೇಲೆ ಕೈಪಿಡಿಯಲ್ಲಿ ಹೇಳಿದ ಟಾರ್ಕಿಗೆ ಬಿಗಿಮಾಡಿ, ಏಕೆಂದರೆ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಕೆಟ್ಟರೆ ಕೆಲಸ ದೊಡ್ಡದಾಗುತ್ತದೆ. ಪ್ಲಗ್ ಕೂರುವ ಗುಂಡಿಯಲ್ಲಿ ಎಣ್ಣೆ ನಿಂತಿದ್ದರೆ ಟ್ಯಾಪೆಟ್ ಕವರಿನ ಸೀಲ್ ಹೋಗಿದೆ, ಅದನ್ನು ಬಿಟ್ಟು ಮುಂದೆ ಹೋಗಬೇಡಿ. ಕಾಯಿಲಿನ ಕಪ್ಲರಿನ ಪಿನ್ನುಗಳಲ್ಲಿ ಹಸಿರು ಕಿಲುಬು ಇದೆಯೇ ನೋಡಿ. ನಮ್ಮ ಕರಾವಳಿಯ ಗಾಡಿಗಳಲ್ಲಿ ನಾನು ಮೊದಲು ನೋಡುವುದೇ ಅದನ್ನು. ಇಷ್ಟಾದ ಮೇಲೂ ಮೂರನೆಯದು ತಪ್ಪಿಸಿದರೆ ಆಗ ಇಂಜೆಕ್ಟರ್, ಕಂಪ್ರೆಷನ್ ನೋಡೋಣ.

ಇನ್ನೊಬ್ಬ ಸದಸ್ಯರು (ಅಂಕೋಲಾ):

ನನ್ನದು ಕಾಮನ್ ರೈಲ್ (ಎಲ್ಲ ಇಂಜೆಕ್ಟರುಗಳಿಗೂ ಒಂದೇ ಹೆಚ್ಚು ಒತ್ತಡದ ಪೈಪಿನಿಂದ ಇಂಧನ ಹೋಗುವ) ಡೀಸೆಲ್ ಪಿಕಪ್. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಿಳಿ ಹೊಗೆ ಬಂದು ಸ್ವಲ್ಪ ಹೊತ್ತು ಮಿಸ್ಸಿಂಗ್ ಹೊಡೆಯುತ್ತದೆ. ಇದಕ್ಕೂ ಇದೇ ಉಪಾಯವೇ?

ಉತ್ತರ:

ಅಲ್ಲ, ಡೀಸೆಲಿನಲ್ಲಿ ಕಿಡಿಯೇ ಇಲ್ಲ. ಮೊದಲು ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ನೀರು ಇಳಿಸಿ. ಮಳೆಗಾಲದಲ್ಲಿ ಟ್ಯಾಂಕಿನಲ್ಲಿ ತೇವ ಸೇರುವುದುಂಟು. ನೀರು ಇಲ್ಲದಿದ್ದರೆ ತಣ್ಣನೆಯ ಎಂಜಿನ್ನನ್ನು ಬಿಸಿ ಮಾಡುವ ಗ್ಲೋ ಪ್ಲಗ್‌ಗಳನ್ನೂ, ಆಮೇಲೆ ಪ್ರತಿ ಇಂಜೆಕ್ಟರಿನಿಂದ ಹಿಂದಕ್ಕೆ ಮರಳುವ ಡೀಸೆಲಿನ ಪ್ರಮಾಣವನ್ನೂ ಪರೀಕ್ಷಿಸಬೇಕು, ಯಾವುದರಿಂದ ಹೆಚ್ಚು ಮರಳುತ್ತದೋ ಅದರ ಮೇಲೆ ಅನುಮಾನ ಪಡಬೇಕು. ಕೂಲಂಟ್ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟಿನ (ಎಂಜಿನ್ ಹೆಡ್ಡಿನ ಕೆಳಗಿನ ಸೀಲಿನ) ವಿಷಯ, ಗಾಡಿ ಓಡಿಸದೆ ತೋರಿಸಿ. ಹಳೆಯ ಡೀಸೆಲ್ ಗಾಡಿಗಳಲ್ಲಿ ಮಾಡುತ್ತಿದ್ದಂತೆ ಎಂಜಿನ್ ಓಡುತ್ತಿರುವಾಗ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ನೋಡುವ ಕೆಲಸವನ್ನು ದಯವಿಟ್ಟು ಮಾಡಬೇಡಿ: ಕಾಮನ್ ರೈಲಿನಲ್ಲಿ ಒತ್ತಡ 1,000 ಬಾರ್ ಮೀರುತ್ತದೆ, ಸೂಜಿಯಂತೆ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ.