ಅಪ್‌ಡೇಟ್: ಹಳೇ ಬೈಕ್‌ನ ಆರ್‌ಸಿಯಿಂದ ಹೈಪೋಥಿಕೇಶನ್ ಕೊನೆಗೂ ಹೋಯಿತು

ನಾನು ಕೊಂಡ ಸೆಕೆಂಡ್ ಹ್ಯಾಂಡ್ ಪಲ್ಸರ್‌ನ ಸಾಲ ತೀರಿ ವರ್ಷಗಳಾಗಿದ್ದರೂ ಆರ್‌ಸಿಯಲ್ಲಿ ಹೈಪೋಥಿಕೇಶನ್, ಅಂದರೆ ಸಾಲ ಕೊಟ್ಟ ಫೈನಾನ್ಸ್ ಕಂಪನಿ ಹೆಸರು, ಹಾಗೇ ಇದೆ, ನನ್ನ ಹೆಸರಿಗೆ ವರ್ಗಾವಣೆ ಆಗುತ್ತಿಲ್ಲ, ಏನು ಮಾಡಲಿ ಅಂತ ಇಲ್ಲಿ ಕೇಳಿದ್ದೆ. ಈಗ ಆರ್‌ಸಿ ನನ್ನ ಹೆಸರಿಗೆ ಬಂತು!

ಕೆಲಸಕ್ಕೆ ಬಂದದ್ದು "ಬ್ರಾಂಚ್ ಬಿಡಿ, ಹೆಡ್ ಆಫೀಸಿಗೆ ಮೇಲ್ ಹಾಕಿ" ಎಂದವರ ಸಲಹೆ. ಫೈನಾನ್ಸ್ ಕಂಪನಿಯ ಆ ಬ್ರಾಂಚ್ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ. ಆದರೆ ನಾನು ಹಾಕಿದ ಮೇಲ್‌ಗೆ ಉತ್ತರವೇ ಬರಲಿಲ್ಲ. ಸಾಲ ತೆಗೆದುಕೊಂಡವರೇ ಕೇಳಬೇಕಂತೆ. ಮಾರಿದವರು ಪುಣ್ಯಾತ್ಮರು, ತಮ್ಮ ಮೇಲ್‌ನಿಂದಲೇ ಲೋನ್ ನಂಬರ್, ಆರ್‌ಸಿ ಕಾಪಿ ಕಳಿಸಿದರು. ಆಮೇಲೆ ಎನ್‌ಒಸಿ (ಕಂಪನಿಯ ಆಕ್ಷೇಪಣೆ ಇಲ್ಲ ಎಂಬ ಪತ್ರ) ಜೊತೆ, ಹೈಪೋಥಿಕೇಶನ್ ತೆಗೆಸಲು ಬೇಕಾದ, ಸಹಿ, ಸೀಲು ಇರುವ ಫಾರಂ 35 ಕೊರಿಯರ್‌ನಲ್ಲಿ ಬಂತು. ಎನ್‌ಒಸಿ ಮೇಲೆ 3 ತಿಂಗಳು ಮಾತ್ರ ಮಾನ್ಯ ಅಂತ ಬರೆದಿತ್ತು, ಅದನ್ನು ನೋಡಿಕೊಳ್ಳಿ.

"ಸುಮ್ನೆ ಒಂದು ಅಫಿಡವಿಟ್ ಕೊಡಿ ಸಾಕು" ಅನ್ನೋದು ನಡೆಯಲಿಲ್ಲ. ಆರ್‌ಟಿಓ ಕೌಂಟರಿನಲ್ಲಿ ಅದನ್ನು ಬಿಚ್ಚಿಯೂ ನೋಡಲಿಲ್ಲ. ಛಾಪಾ ಕಾಗದದ ದುಡ್ಡು ದಂಡ.

ನನಗೆ ಗೊತ್ತೇ ಇರದಿದ್ದ ವಿಷಯ: ಹೈಪೋಥಿಕೇಶನ್ ತೆಗೆಸುವುದಕ್ಕೂ ಫಾರಂ 29, 30ರ ವರ್ಗಾವಣೆಗೂ ಸರ್ಕಾರದ ಪರಿವಾಹನ್ ಸೈಟ್‌ನಲ್ಲಿ ಒಟ್ಟಿಗೇ ಅರ್ಜಿ ಹಾಕಬಹುದು. ಓಟಿಪಿ ಮಾತ್ರ ಹಳೇ ಮಾಲೀಕರ ಮೊಬೈಲಿಗೆ ಹೋಯಿತು. ಅವರು ಫೋನ್ ಎತ್ತುತ್ತಾರೋ ಇಲ್ಲವೋ ಅನ್ನೋದೇ ಜಾಸ್ತಿ ಟೆನ್ಶನ್.

ಇನ್ಶೂರೆನ್ಸ್ ಹೆಸರು ಬದಲಾವಣೆಗೂ ನಿನ್ನೆ ಕೊಟ್ಟಿದ್ದೇನೆ.