ಕಾರಿನ ಕೆಳಗೆ ತುಕ್ಕು ಶುರುವಾಗಿದೆ, ರಸ್ತೆ ಉಪ್ಪಿನಿಂದ ಉಳಿಸಿಕೊಳ್ಳೋದು ಹೇಗೆ?

ಮೈಸೂರಿಂದ_ಟ್ರಾಯ್

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿದ್ದೇನೆ, ಇದು ಎರಡನೇ ಚಳಿಗಾಲ. ಇಲ್ಲಿ ಹಿಮ ಕರಗಲಿ ಅಂತ ಚಳಿಗಾಲವಿಡೀ ರಸ್ತೆಗೆ ಉಪ್ಪು ಹಾಕ್ತಾರೆ. ಬಂದ ಹೊಸದರಲ್ಲಿ 2015ರ ಮಾಡೆಲ್ ಸೆಡಾನ್ ಒಂದನ್ನು ಸೆಕೆಂಡ್ ಹ್ಯಾಂಡ್ ತಗೊಂಡೆ. ಮೇಲಿಂದ ನೋಡಿದರೆ ಒಂದು ಗೀರೂ ಇಲ್ಲ, ಪೇಂಟ್ ಫಳಫಳ ಅನ್ನುತ್ತೆ. ಮೊನ್ನೆ ಆಯಿಲ್ ಚೇಂಜ್‌ಗೆ ಬಿಟ್ಟಾಗ ಮೆಕ್ಯಾನಿಕ್ ಒಳಗೆ ಕರೆದು, ಲಿಫ್ಟ್ ಕೆಳಗೆ ನಿಲ್ಲಿಸಿ, ಟಾರ್ಚ್ ಬಿಟ್ಟು ತೋರಿಸಿದ. ಹಿಂದಿನ ಸಬ್‌ಫ್ರೇಮ್ (ಹಿಂದಿನ ಚಕ್ರದ ಭಾಗಗಳನ್ನು ಹಿಡಿದಿರೋ ಉಕ್ಕಿನ ಚೌಕಟ್ಟು), ಬೋಲ್ಟ್‌ಗಳು, ಸೈಲೆನ್ಸರ್ ಪೈಪು ಎಲ್ಲ ಕಾಫಿ ಪುಡಿ ಬಣ್ಣ. ಸ್ಕ್ರೂಡ್ರೈವರ್ ತುದಿಯಲ್ಲಿ ಸುಮ್ನೆ ಕೆರೆದ, ಹಕ್ಕಳೆ ಹಕ್ಕಳೆಯಾಗಿ ನನ್ನ ಶೂ ಮೇಲೆ ಉದುರಿತು. ಮೈಸೂರಲ್ಲಿ ನಮ್ಮಪ್ಪನ ಕಾರಿಗೆ 20 ವರ್ಷ, ಬೇವಿನ ಮರದ ಕೆಳಗೇ ನಿಲ್ಲುತ್ತೆ, ಅದರಲ್ಲಿ ಇಷ್ಟು ತುಕ್ಕು ನಾನು ಕಂಡಿಲ್ಲ.

ಈಗ ಮೂರು ಗೊಂದಲ. ಡೀಲರ್ ಒಬ್ಬ ಕಾರಿನ ಅಡಿಗೆಲ್ಲ ಕಪ್ಪು ರಬ್ಬರ್ ಪದರ, ಅಂದರೆ ಅಂಡರ್‌ಕೋಟಿಂಗ್ ಹೊಡೆಸಿ, 900 ಡಾಲರ್, ಲೈಫ್‌ಟೈಮ್ ಗ್ಯಾರಂಟಿ ಅಂತಾನೆ. ಆಫೀಸಿನಲ್ಲಿ ಒಬ್ಬರು ಬಿಸಿ ಗ್ಯಾರೇಜಲ್ಲಿ ನಿಲ್ಲಿಸಬೇಡ, ಹೊರಗೇ ಇರಲಿ ಅಂತಾರೆ, ಇದು ತಮಾಷೆನಾ ನಿಜನಾ ಗೊತ್ತಾಗಲಿಲ್ಲ. ಇನ್ನು ತೊಳೆಯೋದು. ಮೈನಸ್ 10ರಲ್ಲಿ ಒಮ್ಮೆ ತೊಳೆಸಿ ರಾತ್ರಿ ನಿಲ್ಲಿಸಿದ್ದೆ, ಬೆಳಗ್ಗೆ ನಾಲ್ಕು ಬಾಗಿಲೂ ಅಂಟಿಕೊಂಡಿದ್ದವು, ಡಿಕ್ಕಿ ಕಡೆಯಿಂದ ಸೀಟು ಮಡಚಿ ತೆವಳಿಕೊಂಡು ಒಳಗೆ ಹೋದೆ. ಹೆಂಡತಿ ಮಾರಿಬಿಡಿ ಅಂತಿದ್ದಾಳೆ. ಇನ್ನೂ ನಾಲ್ಕು ವರ್ಷನಾದ್ರೂ ಓಡಿಸಬೇಕು ಅಂತ ನನ್ನ ಲೆಕ್ಕ. ಏನು ಮಾಡಲಿ?

ಹಳೇಡಬ್ಬಾ_ಒಂಟಾರಿಯೊ

900 ಡಾಲರ್ ಜೇಬಲ್ಲೇ ಇರಲಿ ಸರ್. ಹೊಚ್ಚ ಹೊಸ ಕಾರಿಗೆ, ಒಣಗಿದ ಶುಭ್ರ ಲೋಹದ ಮೇಲೆ ರಬ್ಬರ್ ಹೊಡೆಸಿದರೆ ಒಂದು ಮಾತು. ನಿಮ್ಮದರಲ್ಲಿ ಈಗಾಗಲೇ ತುಕ್ಕು ಕೂತಿದೆ. ಅದರ ಮೇಲೆ ದಪ್ಪ ಕಪ್ಪು ಪದರ ಬಂದರೆ ತುಕ್ಕು ನಿಲ್ಲಲ್ಲ, ಕಣ್ಣಿಗೆ ಕಾಣಲ್ಲ ಅಷ್ಟೆ. ಎರಡು ಚಳಿಗಾಲ ಕಳೆದರೆ ಕಲ್ಲು ಬಡಿದು ಅಲ್ಲಲ್ಲಿ ಬಿರುಕು ಬಿಡುತ್ತೆ, ಉಪ್ಪು ನೀರು ಒಳಗೆ ಹೋಗಿ ಕೂರುತ್ತೆ, ಆಚೆ ಬರೋಕೆ ದಾರಿ ಇಲ್ಲ. ಗ್ಯಾರಂಟಿ ಕಾಗದ ಪೂರ್ತಿ ಓದಿ. ಸಾಮಾನ್ಯವಾಗಿ ಲೋಹ ತೂತಾದರೆ ಮಾತ್ರ ಲೆಕ್ಕಕ್ಕೆ ತಗೋತಾರೆ, ಮೇಲ್ಮೈ ತುಕ್ಕಿಗೆ ಏನೂ ಇಲ್ಲ.

ನಾನು ಟೊರಾಂಟೊ ಹತ್ತಿರ 14 ವರ್ಷದಿಂದ ಇದ್ದೇನೆ. ಇಲ್ಲಿ ತುಂಬಾ ಜನ ವರ್ಷಕ್ಕೊಮ್ಮೆ, ಅಕ್ಟೋಬರ್ ಸುಮಾರಿಗೆ, ಆಯಿಲ್ ಸ್ಪ್ರೇ ಮಾಡಿಸ್ತಾರೆ. ಗಟ್ಟಿಯಾಗದ ತೆಳು ಎಣ್ಣೆ. ಬಾಗಿಲ ಒಳಗೆ, ಬಾಗಿಲ ಕೆಳಗಿನ ಉದ್ದ ಪೆಟ್ಟಿಗೆ ಇದೆಯಲ್ಲ, ಆ ರಾಕರ್ ಪ್ಯಾನೆಲ್ ಒಳಗೆ, ಎರಡು ತಗಡು ಸೇರುವ ಸಂದಿಗಳಿಗೆ ಅದೇ ಹರಿದು ಹೋಗುತ್ತೆ. ನನಗೆ ಸುಮಾರು 160 ಕೆನಡಾ ಡಾಲರ್ ಬೀಳುತ್ತೆ. ಎರಡು ಮೂರು ದಿನ ತೊಟ್ಟಿಕ್ಕುತ್ತೆ, ಡ್ರೈವ್‌ವೇ ಮೇಲೆ ರಟ್ಟು ಹಾಸಿ, ಇಲ್ಲಾಂದ್ರೆ ಮನೆಯಲ್ಲಿ ಬೈಸ್ಕೋತೀರ. ಇನ್ನೊಂದು ಲ್ಯಾನೊಲಿನ್, ಕುರಿ ಉಣ್ಣೆಯಿಂದ ತೆಗೆದ ಜಿಡ್ಡು. ಸ್ವಲ್ಪ ದಪ್ಪ, ಜಾಸ್ತಿ ತೊಟ್ಟಿಕ್ಕಲ್ಲ, ಡಬ್ಬಿಯಲ್ಲಿ ಸಿಗುತ್ತೆ, ನೀವೇ ಹೊಡೆಯಬಹುದು. ಬ್ರೇಕ್ ಡಿಸ್ಕ್, ಪ್ಯಾಡ್, ಬೆಲ್ಟ್, ಬಿಸಿ ಸೈಲೆನ್ಸರ್ ಮೇಲೆ ಮಾತ್ರ ಬೀಳಬಾರದು.

ಈಗ ಚಳಿಗಾಲ ಶುರುವಾಗಿದೆ ಅಂತ ಬಿಡಬೇಡಿ. ಸೊನ್ನೆ ಡಿಗ್ರಿ ದಾಟುವ ದಿನ ಕೆಳಭಾಗ ಚೆನ್ನಾಗಿ ತೊಳೆಸಿ, ಪೂರ್ತಿ ಒಣಗಲು ಬಿಟ್ಟು ಹೊಡೆಸಿ.

ಇದಕ್ಕಿಂತ ಮುಖ್ಯ ಬ್ರೇಕ್ ಲೈನ್, ಅಂದರೆ ಬ್ರೇಕ್ ಆಯಿಲ್ ಅನ್ನು ಚಕ್ರಗಳ ತನಕ ಒಯ್ಯೋ ಪೈಪು. ಸಬ್‌ಫ್ರೇಮ್ ಕಂದಾದರೆ ಸದ್ಯಕ್ಕೆ ಪ್ರಾಣ ಹೋಗಲ್ಲ, ಆ ಪೆನ್ಸಿಲ್‌ಗಿಂತ ಸಣ್ಣ ಉಕ್ಕಿನ ಪೈಪು ತೂತಾದರೆ ಕಥೆ ಬೇರೆ. ನನ್ನ ಹಿಂದಿನ ವ್ಯಾನಿನಲ್ಲಿ ದಿನಸಿ ಅಂಗಡಿ ಪಾರ್ಕಿಂಗ್‌ನಲ್ಲಿ ಪೆಡಲ್ ಒತ್ತಿದೆ, ಸೀದಾ ನೆಲಕ್ಕೆ ಹೋಯ್ತು. ನಡಿಗೆಯ ವೇಗದಲ್ಲಿದ್ದೆ, ಹಿಮದ ಗುಡ್ಡೆಗೆ ಗುದ್ದಿ ನಿಂತಿತು. ಅದೇ ಹೆದ್ದಾರಿಯಲ್ಲಾಗಿದ್ದರೆ? ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯೂ 2015ರಲ್ಲಿ ಹಳೇ ಗಾಡಿಗಳ ಬ್ರೇಕ್ ಲೈನ್ ತುಕ್ಕಿನ ಬಗ್ಗೆ ಎಚ್ಚರಿಕೆ ಕೊಟ್ಟು, ಕೆಳಭಾಗ ತೊಳೀರಿ ಅಂತಲೇ ಹೇಳಿತ್ತು. ಬದಲಿಸಬೇಕಾಗಿ ಬಂದರೆ ತಾಮ್ರ-ನಿಕಲ್ ಪೈಪು ಹಾಕಿಸಿ, ಅದಕ್ಕೆ ಕೆಂಪು ತುಕ್ಕು ಹಿಡಿಯಲ್ಲ. ಮಿಶಿಗನ್‌ನಲ್ಲಿ ವರ್ಷ ವರ್ಷ ಗಾಡಿ ತಪಾಸಣೆ ಮಾಡಿಸಬೇಕೆಂಬ ನಿಯಮವೂ ಇಲ್ಲ, ಹಾಗಾಗಿ ನೀವಾಗೇ ಕೇಳದಿದ್ದರೆ ಯಾರೂ ಬಗ್ಗಿ ನೋಡಲ್ಲ.

ಉಪ್ಪಿನಕಾಯಿ

ಗ್ಯಾರೇಜ್ ಮಾತು ತಮಾಷೆ ಅಲ್ಲ, ಆದರೆ ಅರ್ಧ ಸತ್ಯ. ತುಕ್ಕಿಗೆ ನೀರು ಬೇಕು, ಗಾಳಿ ಬೇಕು, ಉಪ್ಪು ಸೇರಿದರೆ ನೀರಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತೆ, ಕೆಲಸ ಬೇಗ ಆಗುತ್ತೆ. ಬೆಚ್ಚಗಿದ್ದಷ್ಟೂ ಇನ್ನೂ ಬೇಗ. ಹೊರಗೆ ಮೈನಸ್ 15ರಲ್ಲಿ ಗಟ್ಟಿಯಾದ ಕೊಳಕು ಮಂಜು ಹೆಚ್ಚುಕಮ್ಮಿ ನಿದ್ದೆ ಮಾಡ್ತಿರುತ್ತೆ. ಅದನ್ನೇ ಬಿಸಿ ಗ್ಯಾರೇಜಿಗೆ ತಂದರೆ ರಾತ್ರಿಯಿಡೀ ಕರಗಿ ಸಂದಿಗೊಂದಿಗೆಲ್ಲ ಇಳಿಯುತ್ತೆ. ದಿನಾ ಹೀಗೆ ಮಾಡಿದರೆ ಕಾರನ್ನು ಉಪ್ಪು ನೀರಲ್ಲಿ ನೆನೆಹಾಕಿದ ಹಾಗೆ. ಆದರೆ ಬರುವಾಗ ಕೆಳಭಾಗ ತೊಳೆಸಿಕೊಂಡು ಬಂದರೆ ಅದೇ ಗ್ಯಾರೇಜ್ ಒಳ್ಳೇದು, ಒಣಗುತ್ತೆ. ಬಾಗಿಲು ಅಂಟುವ ಸಮಸ್ಯೆಯೂ ಇರಲ್ಲ.

ಎಲ್ಲ ಉಪ್ಪೂ ಒಂದೇ ಅಲ್ಲ ಅನ್ನೋದನ್ನೂ ನೆನಪಿಡಿ. ನಾವು ಸಾರಿಗೆ ಹಾಕೋ ಸೋಡಿಯಂ ಕ್ಲೋರೈಡೇ ರಸ್ತೆಗೂ ಹೆಚ್ಚಾಗಿ ಬೀಳೋದು. ಡೆಟ್ರಾಯಿಟ್ ಊರಿನ ಅಡಿಯಲ್ಲೇ ಸುಮಾರು 1,200 ಅಡಿ ಆಳದಲ್ಲಿ ಇದರ ಗಣಿ ಇದೆ, ನೀವು ಅದರ ಮೇಲೇ ಓಡಾಡ್ತಿದ್ದೀರಿ! ಮೈನಸ್ 9 ಡಿಗ್ರಿ ಸುಮಾರಿಗೆ ಅದರ ಕೈ ಸೋಲುತ್ತೆ. ಇನ್ನೂ ಚಳಿ ಇದ್ದರೆ ಕ್ಯಾಲ್ಸಿಯಂ ಕ್ಲೋರೈಡೋ ಮೆಗ್ನೀಸಿಯಂ ಕ್ಲೋರೈಡೋ ಬೆರೆಸ್ತಾರೆ. ಇವು ಗಾಳಿಯಲ್ಲಿರೋ ತೇವವನ್ನೂ ಎಳ್ಕೊಳ್ಳುತ್ತವೆ. ಮಳೆಗಾಲದಲ್ಲಿ ಬೆಲ್ಲದ ಡಬ್ಬ ಮುಚ್ಚದೆ ಬಿಟ್ಟರೆ ಹೇಗೆ ಪಸಪಸ ಅನ್ನುತ್ತೋ ಹಾಗೆ, ಕಾರು ಒಣಗಿದೆ ಅನ್ಕೋತೀರ, ಸಂದಿಯಲ್ಲಿ ಒದ್ದೆಯೇ ಇರುತ್ತೆ. ಹಿಮ ಬೀಳುವ ಮುಂಚಿನ ದಿನ ರಸ್ತೆ ಮೇಲೆ ಉದ್ದಕ್ಕೆ ಬಿಳಿ ಗೆರೆ ಎಳೆದ ಹಾಗೆ ಕಾಣುತ್ತಲ್ಲ, ಅದು ಬ್ರೈನ್, ನೀರಲ್ಲಿ ಶೇಕಡ 23ರಷ್ಟು ಉಪ್ಪು ಕರಗಿಸಿದ್ದು. ಹರಳಿಗಿಂತ ಇದು ಸುಲಭವಾಗಿ ಒಳಗೆ ನುಗ್ಗುತ್ತೆ.

ಜನ ತಪ್ಪು ಮಾಡೋದು ಏಪ್ರಿಲ್‌ನಲ್ಲಿ. ಹಿಮ ನಿಂತ ತಕ್ಷಣ ಮರೆತುಬಿಡ್ತಾರೆ. ಉಪ್ಪು ಸಂದಿಯಲ್ಲೇ ಕೂತಿರುತ್ತೆ, ಮಳೆ ಬರುತ್ತೆ, ಬಿಸಿಲು ಏರುತ್ತೆ, ಆಗಲೇ ಅದು ಜಾಸ್ತಿ ತಿನ್ನೋದು. ಚಳಿಗಾಲದಲ್ಲಿ ಹತ್ತು ಸಲ ತೊಳೆದು ವಸಂತದಲ್ಲಿ ಒಂದು ಸಲ ತೊಳೆಯದಿದ್ದರೆ ಏನು ಬಂತು?

ಲೀಸ್_ಲಿಂಗಣ್ಣ

ನಿಮ್ಮ ಮನೆಯವರು ಹೇಳಿದ್ದೇ ಸರಿ. ಮೂರು ವರ್ಷ ಲೀಸ್ ತಗೊಳ್ಳಿ, ವಾಪಸ್ ಕೊಡಿ, ತುಕ್ಕು ಮುಂದಿನವರ ತಲೆನೋವು. ಕಾರಿಗೆ ಎಣ್ಣೆ ಸ್ನಾನ ಮಾಡಿಸೋಕೆ ಅದೇನು ದೀಪಾವಳಿನಾ?

ಹಳೇಡಬ್ಬಾ_ಒಂಟಾರಿಯೊ

ಲಿಂಗಣ್ಣ, ತಿಂಗಳಿಗೆ 400 ಡಾಲರ್ ಕೊಟ್ಟು ತಲೆನೋವು ಬಿಡಿಸಿಕೊಳ್ಳೋದಾದ್ರೆ ಯಾರಿಗೆ ಗೊತ್ತಿಲ್ಲ.

ಮಲ್ಪೆ_ಮಾಣಿ

ನಾನು ಅಮೆರಿಕ ನೋಡಿದವನಲ್ಲ, ಆದರೆ ಉಪ್ಪು ನೀರಿನ ವಿಷಯದಲ್ಲಿ ಸ್ವಲ್ಪ ಹೇಳಬಹುದು ಮಾರಾಯ್ರೆ. ನಮ್ಮದು ಮಲ್ಪೆ. ಅಪ್ಪ ಮೀನು ಟೆಂಪೋ ಓಡಿಸ್ತಿದ್ದರು. ಐಸ್ ಹಾಕಿದ ಮೀನಿನ ಪೆಟ್ಟಿಗೆಯಿಂದ ಉಪ್ಪು ನೀರು ದಾರಿಯುದ್ದಕ್ಕೂ ಸೋರುತ್ತೆ, ಅದು ಚಾಸಿಯ ಮೇಲೆ ಬೀಳದೆ ಇನ್ನೆಲ್ಲಿ ಬೀಳುತ್ತೆ? ಅದರ ಮೇಲೆ ಕಡಲ ಗಾಳಿ, ನಾಲ್ಕು ತಿಂಗಳು ಮಳೆ. ನಿಮಗೆ ಚಳಿಗಾಲ ಮಾತ್ರ, ನಮಗೆ ವರ್ಷಪೂರ್ತಿ.

ಒಮ್ಮೆ ಅಪ್ಪ ಯಾರದೋ ಮಾತು ಕೇಳಿ ಕೆಳಗೆಲ್ಲ ದಪ್ಪಕ್ಕೆ ಕಪ್ಪು ಕೋಟಿಂಗ್ ಹೊಡೆಸಿದರು. ನೋಡಲು ಶೋರೂಮ್ ಗಾಡಿ. ಎರಡು ಮಳೆಗಾಲ ಆದ ಮೇಲೆ ಟಿಂಕರಿಂಗ್ ಶೆಡ್ಡಿನಲ್ಲಿ ಉಳಿ ಇಟ್ಟು ತಟ್ಟಿದರೆ ಕಪ್ಪು ಪದರ ದೋಸೆ ಎದ್ದ ಹಾಗೆ ಇಡಿಯಾಗಿ ಎದ್ದು ಬಂತು. ಅದರ ಬೆನ್ನಿಗೆ ತುಕ್ಕು ಅಂಟಿತ್ತು, ತಗಡು ಇದ್ದ ಜಾಗದಲ್ಲಿ ನೆಲ ಕಾಣ್ತಿತ್ತು. ಒಂಟಾರಿಯೊದವರು ಹೇಳಿದ್ದು ಇದನ್ನೇ.

ಆಮೇಲೆ ಅಪ್ಪ ಮಾಡಿದ್ದು ಎರಡೇ ಕೆಲಸ. ಬಂದರಿನಿಂದ ಬಂದ ಕೂಡಲೇ ಬಾವಿ ನೀರು ಪೈಪಿನಲ್ಲಿ ಬಿಟ್ಟು ಅಡಿ ತೊಳೆಯುವುದು. ಮತ್ತೆ ನೀರು ಹೋಗುವ ತೂತುಗಳಿಗೆ ತಂತಿ ಹಾಕಿ ಬಿಡಿಸುವುದು. ಬಾಗಿಲ ಅಡಿಯಲ್ಲಿ, ಡೋರ್ ಕೆಳಗಿನ ಉದ್ದ ಪೆಟ್ಟಿಗೆಯಲ್ಲಿ ಸಣ್ಣ ಸಣ್ಣ ತೂತು ಇರ್ತವೆ. ಮಣ್ಣು ಕಟ್ಟಿದರೆ ನೀರು ಒಳಗೇ ನಿಲ್ತದೆ, ಗಾಡಿ ಒಳಗಿನಿಂದ ಹೊರಗೆ ಕೊಳೆಯುತ್ತದೆ. ಪೇಂಟ್ ಮೇಲೆ ಗುಳ್ಳೆ ಕಂಡಾಗ ಕೆಲಸ ಮುಗಿದಿರ್ತದೆ. ಸುಟ್ಟ ಎಂಜಿನ್ ಆಯಿಲ್ ಬಳಿಯುವವರೂ ಇದ್ದಾರೆ, ಅಪ್ಪನೂ ಬಳಿದಿದ್ದರು. ಅದು ಬೇಡ. ಮಣ್ಣಿಗೆ, ಬಾವಿಗೆ ಇಳಿಯುತ್ತದೆ, ರಬ್ಬರ್ ಬುಷ್‌ಗಳೂ ಹಾಳು.

ಕಾಲಡಿಯ ಮ್ಯಾಟ್ ಎತ್ತಿ ನೋಡಿ ಒಮ್ಮೆ. ಬೂಟಿನಲ್ಲಿ ಬಂದ ಉಪ್ಪು ನೀರು ಕಾರ್ಪೆಟ್ ಕೆಳಗೆ ಕೂತರೆ ಮೇಲಿಂದಲೂ ತುಕ್ಕು.

ಉಪ್ಪಿನಕಾಯಿ

ತೂತಿನ ಮಾತು ನಾವ್ಯಾರೂ ಹೇಳಲೇ ಇಲ್ಲ ನೋಡಿ. ಧನ್ಯವಾದ ಮಲ್ಪೆಯವರೇ.

ಮೈಸೂರಿಂದ_ಟ್ರಾಯ್

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ 4 ಡಿಗ್ರಿ ಇತ್ತು, ಮಧ್ಯಾಹ್ನ ಕೆಳಗಿನಿಂದ ನೀರು ಚಿಮ್ಮುವ ಟಚ್‌ಲೆಸ್ ವಾಶ್‌ಗೆ ಎರಡು ಸಲ ಹೋಗಿ ಬಂದೆ. ಬಾಗಿಲಿನ ರಬ್ಬರ್ ಒರೆಸಿ ಸಿಲಿಕೋನ್ ಹಚ್ಚಿದೆ, ಆ ರಾತ್ರಿ ಅಂಟಿಕೊಳ್ಳಲಿಲ್ಲ. ಬ್ರೇಕ್ ಲೈನ್ ಮೆಕ್ಯಾನಿಕ್ ಹತ್ತಿರ ತೋರಿಸಿದೆ, ಮೇಲೆ ತುಕ್ಕು ಇದೆ, ಈ ವರ್ಷಕ್ಕೆ ಪರವಾಗಿಲ್ಲ, ಮುಂದಿನ ಬೇಸಿಗೆಗೆ ಹಿಂದಿನ ಎರಡು ಬದಲಿಸೋಣ ಅಂದ. ತಾಮ್ರ-ನಿಕಲ್ ಅಂತ ಕೇಳಿದ್ದಕ್ಕೆ ನನ್ನ ಮುಖ ಒಮ್ಮೆ ನೋಡಿದ. ಭಾನುವಾರ ಗ್ಯಾರೇಜಿನಲ್ಲಿ ಒಣಗಿಸಿ ಲ್ಯಾನೊಲಿನ್ ಮೂರು ಡಬ್ಬಿ ನಾನೇ ಹೊಡೆದೆ, ಇಡೀ ಮನೆಗೆ ಕುರಿ ವಾಸನೆ, ಹೆಂಡತಿ ಇನ್ನೂ ಸರಿಯಾಗಿ ಮಾತಾಡ್ತಿಲ್ಲ.

ಮಲ್ಪೆಯವರೇ, ಡ್ರೈವರ್ ಬಾಗಿಲಿನ ಕೆಳಗಿನ ತೂತಿಗೆ ಕೇಬಲ್ ಟೈ ಹಾಕಿ ಆಡಿಸಿದೆ. ಮೊದಲು ಕಪ್ಪು ಕೆಸರು, ಆಮೇಲೆ ಗಳಗಳ ಅಂತ ಅರ್ಧ ಲೋಟ ನೀರು ಬಂತು. ಆ ಬಾಗಿಲಲ್ಲಿ ಬ್ರೇಕ್ ಹಾಕಿದಾಗೆಲ್ಲ ಕುಲುಕುವ ಸದ್ದು ಬರ್ತಿತ್ತು, ನಾನು ವಾಟರ್ ಬಾಟ್ಲಿ ಅಂದ್ಕೊಂಡಿದ್ದೆ.